ತರಕಾರಿಯವರು

ಬಸ್ಸು ಕೋಲಾರ ದಾಟಿ ಮುಳಬಾಗಿಲಿನ ಹೆದ್ದಾರಿಗೆ ಬೀಳುವ ಹೊತ್ತಿಗೆ ಜಯಶೀಲ ತನ್ನ ಭಾಷಣದ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕನೆಯ ಸಲ ತಿದ್ದುತ್ತಿದ್ದ. ಸುಳ್ಳಿನ ಮೇಲೆ ಕಟ್ಟಿದ ಮನೆಗೆ ಕರ್ತನು ಅತಿಥಿಯಾಗಿಯೂ ಬರುವುದಿಲ್ಲ. 'ಅತಿಥಿಯಾಗಿಯೂ' ಎಂಬಲ್ಲಿ ಒಂದು ಕ್ಷಣ ನಿಲ್ಲಿಸಬೇಕು, ಆಗ ಮುಂದಿನ ಸಾಲಿನ ಹೆಂಗಸರು ಆಮೆನ್ ಎನ್ನುತ್ತಾರೆ. ಎಲ್ಲಿ ನಿಲ್ಲಿಸಿದರೂ ಎನ್ನುತ್ತಾರೆ, ಮೈಕು ಕೆಟ್ಟು ನಿಂತರೂ ಎನ್ನುತ್ತಾರೆ. ಮುಳಬಾಗಿಲಿನ ಸಭೆಯಲ್ಲಿ ಇವತ್ತು ಹೊಸ ದಂಪತಿಗಳ ಕೂಟ. ಮಾಲೂರು, ಶ್ರೀನಿವಾಸಪುರ, ಕೋಲಾರಗಳಿಂದ, ಮದುವೆಯಾಗಿ ಎರಡು ವರ್ಷ ಕಳೆಯದ ಹದಿನಾಲ್ಕು ಜೋಡಿಗಳು ಬಂದು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಒಬ್ಬರಿಗೊಬ್ಬರು ಮೊಣಕೈ ತಾಗದಂತೆ ಕೂರುತ್ತವೆ. ಮಿಷನ್ ಹೈಸ್ಕೂಲೊಂದರ ಕನ್ನಡ ಮೇಷ್ಟರಾದ ಜಯಶೀಲ ಅವರಿಗೆ ಪ್ರಾಮಾಣಿಕ ಕ್ರೈಸ್ತ ದಾಂಪತ್ಯ ಎಂದರೇನು ಎಂದು ಮುಕ್ಕಾಲು ಗಂಟೆ ತಿಳಿಸಿ ಹೇಳಬೇಕು. ಅವನಿಗೆ ಮದುವೆಯಾಗಿ ಏಳು ತಿಂಗಳು. ಪಕ್ಕದಲ್ಲಿ ಕೂತ ಹೆಂಡತಿ ಮೌನಿಕಾ ಅವನೊಡನೆ ಮಾತು ಬಿಟ್ಟು ಹನ್ನೊಂದು ದಿನ.

ಪೂರ್ತಿ ಬಿಟ್ಟಿದ್ದಾಳೆ ಎನ್ನುವಂತಿಲ್ಲ. ಊಟಕ್ಕೆ ಬನ್ನಿ, ನೀರು ಬಂತು, ಗ್ಯಾಸ್ ಮುಗಿದಿದೆ, ಇಷ್ಟು ಇದೆ. ಉಳಿದದ್ದೆಲ್ಲ ಪ್ರಾರ್ಥನೆಯಲ್ಲಿ ನಡೆಯುತ್ತಿದೆ. ಮದುವೆಯಾದ ದಿನದಿಂದ ಪ್ರತಿ ಸಂಜೆ ಇಬ್ಬರೂ ಚಾಪೆಯ ಮೇಲೆ ಕೂತು ಪ್ರಾರ್ಥಿಸಬೇಕೆಂಬ ನಿಯಮ ಅವನದೇ. ಪ್ರಾರ್ಥಿಸುವವನು ಅವನು, ಅವಳು ತಲೆಗೆ ಸೆರಗು ಹಾಕಿಕೊಂಡು ಕಣ್ಣು ಮುಚ್ಚಿ ಕೂರುವವಳು. ಅವಳು ಮಾತು ಬಿಟ್ಟ ಮರುದಿನ ಅವನು, ಕರ್ತನೇ, ಈ ಮನೆಯಲ್ಲಿ ಹಟದ ಆತ್ಮವೊಂದಿದೆ, ಅದನ್ನು ನೀನೇ ಮುರಿ, ಎಂದ. ಮೂರನೆಯ ದಿನ, ಕ್ಷಮಿಸಲು ತಿಳಿಯದ ಹೃದಯಗಳನ್ನು ಮೃದುಮಾಡು ಎಂದ. ಹೆಸರು ಎತ್ತಲಿಲ್ಲ. ವ್ಯಾಕರಣದ ಪ್ರಕಾರ ಅದೆಲ್ಲ ಪ್ರಥಮ ಪುರುಷ, ಯಾರ ಮೇಲೂ ಹೊರಿಸಿದಂತಲ್ಲ. ಆರನೆಯ ದಿನ ಸಾರಿಗೆ ಉಪ್ಪು ಹಾಕಲು ಮರೆಯುವಷ್ಟು ಕಹಿಯಾದ ಮನಸ್ಸುಗಳ ಬಗ್ಗೆಯೂ ದೇವರಿಗೆ ವರದಿ ಹೋಯಿತು. ಅವಳು ಅಷ್ಟಕ್ಕೂ ಆಮೆನ್ ಎಂದಳು. ಆ ಆಮೆನ್ ಕೇಳಿದಾಗಲೆಲ್ಲ, ಸೋತವಳ ಮೇಲೆ ಮತ್ತೊಂದು ಏಟು ಹಾಕಿದವನ ಹಾಗೆ ಅವನಿಗೆ ಒಂದು ಕೊಳಕು ತೃಪ್ತಿಯಾಗುತ್ತಿತ್ತು, ಮತ್ತು ರಾತ್ರಿ ಮಲಗಿದಾಗ, ಅವಳು ಸೋತಿಲ್ಲ ಎಂದು ತಿಳಿಯುತ್ತಿತ್ತು.

ಬಸ್ಸಿನಲ್ಲಿ ಹಿಂದಿನ ಸೀಟಿನವರು ತೆಲುಗಿನಲ್ಲಿ ಟೊಮ್ಯಾಟೊ ದರದ ಬಗ್ಗೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದದ್ದೇ ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಹನ್ನೊಂದು ದಿನದ ಹಿಂದೆ, ಮಂಗಳವಾರ ಸಂಜೆ ಅಯ್ಯನವರೂ ಅಮ್ಮನವರೂ, ಎಂದರೆ ಮುಳಬಾಗಿಲಿನ ಚರ್ಚಿನ ಸಭಾಪಾಲಕರೂ ಅವರ ಹೆಂಡತಿಯೂ, ಇದೇ ಭಾಷಣಕ್ಕೆ ಕರೆಯಲು ಮನೆಗೆ ಬಂದಿದ್ದರು. ಬೇಕರಿಯ ಕೇಕು ತಟ್ಟೆಯಲ್ಲಿತ್ತು. ನಿಮ್ಮಂಥ ಜೋಡಿ ಈ ಕಾಲದ ಸಭೆಗೆ ಮಾದರಿ ಜಯಶೀಲ್, ಎಂದು ಅಯ್ಯನವರು ಹೇಳುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ತೆರೆದರೆ ಮುನಿರಾಮಪ್ಪ, ಮೌನಿಕಾಳ ಅಪ್ಪ. ಜಯಶೀಲ ಅವನನ್ನು ನೋಡಿದ್ದು ಅದಕ್ಕೆ ಮುಂಚೆ ಒಂದೇ ಸಲ, ಹೆಣ್ಣು ಕೇಳಲು ಬೈರಕೂರಿಗೆ ಹೋಗಿದ್ದಾಗ. ಆಗ ಅಂಗಳದಲ್ಲೇ ನಿಲ್ಲಿಸಿ, ನಮ್ಮವರಲ್ಲಿ ಇಂಥದ್ದು ನಡೆಯೋದಿಲ್ಲ ಸ್ವಾಮಿ, ಎಂದು ಕೈಮುಗಿದು ಕಳಿಸಿದ್ದ. ಮದುವೆಗೆ ಬರಲಿಲ್ಲ. ಏಳು ತಿಂಗಳು ಮಗಳ ಫೋನ್ ಎತ್ತಲಿಲ್ಲ. ಈಗ ತಲೆಯ ಮೇಲೆ ಒಂದು ಕ್ರೇಟು ಟೊಮ್ಯಾಟೊ ಹೊತ್ತು, ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು, ಬರಿಗಾಲಲ್ಲಿ ನಿಂತು ನಗುತ್ತಿದ್ದ. ಕತ್ತಿನಿಂದ ಬೆವರು ಅಂಗಿಯೊಳಗೆ ಇಳಿಯುತ್ತಿತ್ತು. ಒಳಗಿನಿಂದ ಅಮ್ಮನವರು, ಯಾರು ಬಂದದ್ದು, ಎಂದರು. ಜಯಶೀಲ ತಿರುಗಿ, ತರಕಾರಿಯವರು, ಎಂದ. ಹೇಳಿದ ಮೇಲೆ ಅದನ್ನು ನಿಜಮಾಡಬೇಕಾಯಿತು. ಹಿಂದಿನ ಬಾಗಿಲಿಗೆ ಹೋಗಿ, ಎಂದ. ಮುನಿರಾಮಪ್ಪ ಅವನನ್ನು ನೋಡಿದ, ಸೋಫಾದ ಮೇಲಿದ್ದವರನ್ನು ನೋಡಿದ, ಕೇಕನ್ನೂ ನೋಡಿದನೇನೋ. ಆಯ್ತು ಸ್ವಾಮಿ, ಎಂದು ಮನೆಯನ್ನು ಸುತ್ತಿಕೊಂಡು ಹಿಂದಕ್ಕೆ ಹೋದ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಅಮ್ಮನವರಿಗೆ ಹಣ್ಣು ನೋಡುವ ಆಸೆಯಾಯಿತು. ಕೈಚೀಲ ಹಿಡಿದು ಅಡುಗೆಮನೆಗೆ ನಡೆದು, ನಮಗೂ ಎರಡು ಕೆಜಿ ಹಾಕಪ್ಪಾ, ಗಟ್ಟಿ ನೋಡಿ ಹಾಕು, ಎಂದರು. ನಡುಬಾಗಿಲಲ್ಲಿ ನಿಂತು ಜಯಶೀಲ ಎಲ್ಲವನ್ನೂ ನೋಡಿದ. ಹೊಸ್ತಿಲಾಚೆ ಮುನಿರಾಮಪ್ಪ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಣ್ಣನ್ನು ಪಂಚೆಗೆ ಒರೆಸಿ ಹಾಕುತ್ತಿದ್ದ. ಮೌನಿಕಾ ಚೀಲದ ಬಾಯಿ ಅಗಲಿಸಿ ಹಿಡಿದಿದ್ದಳು. ಅಪ್ಪ ಮಗಳು ಮುಖ ನೋಡಿಕೊಳ್ಳಲಿಲ್ಲ. ಅಮ್ಮನವರು ನೋಟು ಚಾಚಿದಾಗ ಮುನಿರಾಮಪ್ಪ ಕೈಯೊಡ್ಡಿ ತೆಗೆದುಕೊಂಡ. ತೆಗೆದುಕೊಳ್ಳದಿದ್ದರೆ ಅಳಿಯನ ಮಾತು ಸುಳ್ಳಾಗುತ್ತಿತ್ತು. ಅತಿಥಿಗಳನ್ನು ಕಾರಿನವರೆಗೆ ಬಿಟ್ಟು ಜಯಶೀಲ ಒಳಗೆ ಬರುವ ಹೊತ್ತಿಗೆ ಅವನು ನೀರೂ ಕುಡಿಯದೆ ಹೊರಟುಹೋಗಿದ್ದ. ಮೌನಿಕಾ, ನಾಯ್ನನ್ನ ಯಾರು ಅಂತ ಹೇಳಿದ್ರಿ ಅವರಿಗೆ, ಎಂದು ಕೇಳಿದಳು. ಅಪ್ಪನನ್ನು ಅವಳು ಕರೆಯುವುದು ಹಾಗೆ, ನಾಯ್ನ ಎಂದು. ಊರಿಂದ ಬಂದವರು ಅಂದೆ, ಎಂದ ಜಯಶೀಲ. ಅವಳಿಗೆ ಎಲ್ಲ ಕೇಳಿಸಿತ್ತು, ಅಡುಗೆಮನೆ ಎಂಟು ಹೆಜ್ಜೆ ದೂರ. ಸರಿ, ಎಂದಳು.

ಯಾಕೆ ಹಾಗೆ ಮಾಡಿದೆ ಎಂದು ಅವನು ತನ್ನನ್ನು ಕೇಳಿಕೊಳ್ಳದೆ ಇರಲಿಲ್ಲ. ಕೇಳಿಕೊಂಡಾಗಲೆಲ್ಲ ಮರ್ಯಾದೆಯ ಉತ್ತರಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು: ಗಾಬರಿಯಾಯಿತು, ಬಾಯಿ ತಪ್ಪಿತು, ಅಂಗಳದಲ್ಲಿ ನಿಲ್ಲಿಸಿದವನ ಮೇಲಿನ ಸಿಟ್ಟು. ನಿಜವಾದದ್ದು ಹಿಂದೆ ತಲೆತಗ್ಗಿಸಿ ನಿಂತಿರುತ್ತಿತ್ತು. ಮೌನಿಕಾ ಅವನದೇ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುವವಳು. ಮದುವೆಗೆ ಎರಡು ವರ್ಷ ಮುಂಚೆ ದೀಕ್ಷಾಸ್ನಾನ ತೆಗೆದುಕೊಂಡಿದ್ದಳು, ಅವನಿಗಾಗಿ ಅಲ್ಲ. ಅವಳ ಅಮ್ಮ ಆಂಜಿನಮ್ಮ ಜ್ವರ ಹಿಡಿದು ಆಸ್ಪತ್ರೆಯಲ್ಲಿದ್ದಾಗ ಒಬ್ಬ ನರ್ಸಮ್ಮ ಡ್ಯೂಟಿ ಮುಗಿದ ಮೇಲೂ ಕೂತು ಅಮ್ಮನ ಕಾಲು ಒತ್ತುತ್ತಾ ತಗ್ಗಿದ ದನಿಯಲ್ಲಿ ಪ್ರಾರ್ಥಿಸುತ್ತಿದ್ದಳಂತೆ. ಅಮ್ಮನ ಕಾಲು ನಾನೇ ಒತ್ತಿರಲಿಲ್ಲ, ಅವರ ದೇವರು ಯಾರು ಅಂತ ನೋಡ್ಬೇಕು ಅನ್ನಿಸ್ತು, ಎಂದಿದ್ದಳು. ನಂಬಿಕೆಗೆ ಬಂದದ್ದು ಹೇಗೆಂದು ಸಭೆಯ ಮುಂದೆ ಹೇಳುವ ಸಾಕ್ಷಿ ಎಂಬುದು ಅವಳದು ಇಷ್ಟೇ. ಮೂರು ತಲೆಮಾರಿನ ಕ್ರೈಸ್ತನಾದ ಜಯಶೀಲನಿಗೆ ಅದು ಬಹಳ ಬಡಸಾಕ್ಷಿಯೆನಿಸಿತು. ಮಾಲೂರಿನಲ್ಲಿ ಒಮ್ಮೆ, ಶ್ರೀನಿವಾಸಪುರದಲ್ಲಿ ಒಮ್ಮೆ, ಅವನು ಅದನ್ನು ದುರಸ್ತಿ ಮಾಡಿ ಹೇಳಿದ. ಬೈರಕೂರಿನ ದೊಡ್ಡ ಜಮೀನ್ದಾರರ ಮನೆ, ಆಳುಕಾಳು, ಎಲ್ಲವನ್ನೂ ಕ್ರಿಸ್ತನಿಗಾಗಿ ತೊರೆದು ಬಂದ ಹೆಣ್ಣು. ಜನ ಅತ್ತರು. ಅಯ್ಯನವರು ಅವನ ಭುಜ ತಟ್ಟಿದರು. ಆ ಜಮೀನ್ದಾರನೇ ತಲೆಯ ಮೇಲೆ ಕ್ರೇಟು ಹೊತ್ತು ಬರಿಗಾಲಲ್ಲಿ ಬಂದು ನಿಂತರೆ ಯಾರೆಂದು ಹೇಳಬೇಕಿತ್ತು?

ಮುಳಬಾಗಿಲಿನ ಸಭಾಂಗಣದಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅವನ ಫೋಟೋ, ಪಕ್ಕದಲ್ಲಿ ಮೌನಿಕಾಳದು, ನಡುವೆ ಎರಡು ಉಂಗುರ. ದಾಂಪತ್ಯ ಎಂಬಲ್ಲಿ ಒತ್ತಕ್ಷರ ತಪ್ಪಿತ್ತು. ಅದನ್ನು ಕಂಡು ಅವನಿಗೆ ನೆಮ್ಮದಿಯಾಯಿತು; ಬೇರೆಯವರ ತಪ್ಪು ಕಂಡರೆ ಅವನು ಯಾವಾಗಲೂ ಸ್ವಲ್ಪ ಚೇತರಿಸಿಕೊಳ್ಳುತ್ತಾನೆ. ಮಾತು ಚೆನ್ನಾಗಿ ಹರಿಯಿತು. ಅತಿಥಿಯ ವಾಕ್ಯಕ್ಕೆ ಆಮೆನ್ ಬಂತು. ಗಂಡಹೆಂಡಿರ ನಡುವೆ ಮುಚ್ಚಿದ ಕೋಣೆಗಳಿರಬಾರದು ಎಂದ, ಅದನ್ನು ಬರೆದುಕೊಂಡವರನ್ನು ಕಂಡು ಒಳಗೇ ನಕ್ಕ. ಲಕ್ಕೂರಿನ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸಮಾಡುವ ಗೋಪಿ ಎಂಬ ಹುಡುಗ ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದ, ಅವನ ಹೆಂಡತಿ ದಿವ್ಯ ಅವನ ಬಾಯಿ ಮುಚ್ಚಿಸುವಂತೆ ಮೊಣಕೈಯಲ್ಲಿ ತಿವಿದಳು. ಇವರಿಗೆ ಏನು ಹೇಳಿದರೂ ನಡೆಯುತ್ತದೆ ಎಂದುಕೊಂಡ ಜಯಶೀಲ, ಮತ್ತು ಹಾಗೆ ಅಂದುಕೊಳ್ಳುತ್ತಲೇ ಪ್ರೀತಿಯ ಬಗ್ಗೆ ಒಂದು ಒಳ್ಳೆಯ ವಾಕ್ಯ ಹೇಳಿದ.

ಮುಗಿದ ಮೇಲೆ ಸ್ತ್ರೀ ಸಮಾಜದ ಶಾಮಲಮ್ಮ ಎದ್ದು, ಸಹೋದರಿ ಮೌನಿಕಾ ಅವರೂ ಎರಡು ಮಾತು ಹೇಳಲಿ, ಎಂದರು. ಅದು ಕಾರ್ಯಕ್ರಮದಲ್ಲಿ ಇರಲಿಲ್ಲ. ಅವಳಿಗೆ ಬರುವುದಿಲ್ಲ ಎಂದು ಜಯಶೀಲ ನಗುತ್ತಾ ಕೈಯಾಡಿಸಿದ. ಅಷ್ಟರಲ್ಲಿ ಅವಳು ಎದ್ದಿದ್ದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬಾಯಿಗೆ ತೀರ ಹತ್ತಿರ.

"ನಂಗೆ ಭಾಷಣ ಬರಲ್ಲ. ಇವರು ಸುಳ್ಳಿನ ಬಗ್ಗೆ ಹೇಳಿದ್ರು. ನಂದೊಂದು ಹೇಳ್ಬೇಕು. ಹೋದ ಮಂಗಳವಾರ ಅಲ್ಲ, ಅದರ ಹಿಂದಿನ ಮಂಗಳವಾರ ನಮ್ಮ ನಾಯ್ನ ಮನೆಗೆ ಬಂದಿದ್ರು. ಮದುವೆ ಆದ್ಮೇಲೆ ಮೊದಲನೇ ಸಲ. ಟೊಮ್ಯಾಟೊ ತಂದಿದ್ರು. ಮನೇಲಿ ದೊಡ್ಡೋರು ಕೂತಿದ್ರು. ಅವರ ಮುಂದೆ ನಾಯ್ನ ಅಂತ ಕರೆಯೋಕೆ ನಂಗೆ ಬಾಯಿ ಬರಲಿಲ್ಲ. ನಾಯ್ನ ತರಕಾರಿಯವರ ಥರ ಕೂತಿದ್ರು, ನಾನು ಚೀಲ ಹಿಡ್ಕೊಂಡು ನಿಂತಿದ್ದೆ. ನೀರೂ ಕೊಡಲಿಲ್ಲ. ನಮ್ಮ ನಾಯ್ನ ಜಮೀನ್ದಾರರಲ್ಲ. ಒಂದೂವರೆ ಎಕರೆ ಐತೆ. ಹತ್ತು ಮಾವಿನ ಮರ ಐತೆ. ನಂಗೋಸ್ಕರ ಪ್ರಾರ್ಥನೆ ಮಾಡಿ."

ಮೈಕನ್ನು ಶಾಮಲಮ್ಮನ ಕೈಗೆ ಕೊಟ್ಟು ಬಂದು ಅವನ ಪಕ್ಕದಲ್ಲಿ ಕೂತಳು. ಯಾರೂ ಆಮೆನ್ ಎನ್ನಲಿಲ್ಲ. ಮುಂದಿನ ಸಾಲಿನಲ್ಲಿ ಅಮ್ಮನವರ ಕಿವಿ ಕೆಂಪಾದದ್ದನ್ನು ಅವನು ಹಿಂದಿನಿಂದಲೇ ಕಂಡ. ಅವನ ಮನಸ್ಸು ಅವಳ ಮಾತನ್ನು ಗಡಿಬಿಡಿಯಿಂದ ತಡಕಿತು, ತನ್ನ ಹೆಸರೆಲ್ಲಿ ಎಂದು. ಇರಲಿಲ್ಲ. ಹಿಂದಿನ ಬಾಗಿಲಿಗೆ ಕಳಿಸಿದ್ದು ಯಾರು, ಜಮೀನ್ದಾರನನ್ನು ಮಾಡಿದ್ದು ಯಾರು, ಅವಳು ಹೇಳಲೇ ಇಲ್ಲ. ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹೆಸರಿಸಿದ್ದರೆ ಸಿಟ್ಟಾಗಬಹುದಿತ್ತು, ಅವಳನ್ನು ಹಟದವಳು, ಸೇಡಿನವಳು, ಗಂಡನ ಮಾನ ಕಳೆದವಳು ಎನ್ನಬಹುದಿತ್ತು. ಹಲ್ಲು ಕಚ್ಚಿ ಕೂತ ಅವನಿಗೆ ಆ ಸೌಕರ್ಯವೂ ಉಳಿಯಲಿಲ್ಲ. ಅಯ್ಯನವರು ಅವಸರದಲ್ಲಿ ಎದ್ದು ಒಂದು ಕೀರ್ತನೆ ಶುರುಮಾಡಿದರು, ಶ್ರುತಿ ಮೇಲಕ್ಕೆ ಹೋಗಿ ಎರಡನೆಯ ಸಾಲಿಗೇ ಎಲ್ಲರ ಗಂಟಲು ಕಟ್ಟಿತು.

ಊಟಕ್ಕೆ ಕೋಳಿ ಸಾರು, ಅನ್ನ. ಅಮ್ಮನವರು ಮೌನಿಕಾಳ ಕೈ ಹಿಡಿದು, ನಿಮ್ಮ ತಂದೆಯವರಾ ಅದು, ನಂಗೆ ಗೊತ್ತೇ ಇರಲಿಲ್ಲ ಕಣಮ್ಮ, ಎಂದರು. ಏನಾದರೂ ಇನ್ನೂ ಹೇಳಬೇಕೆನಿಸಿರಬೇಕು. ಹಣ್ಣು ಮಾತ್ರ ತುಂಬ ಚೆನ್ನಾಗಿತ್ತು, ಎಂದರು. ಜಯಶೀಲನ ತಿರಸ್ಕಾರ ಆ ಮಾತಿನ ಮೇಲೆ ಹಸಿದ ನಾಯಿಯಂತೆ ಎರಗಿತು, ಮತ್ತೆ ತಾನೇ ನಾಚಿ ಹಿಂದೆ ಸರಿಯಿತು. ಆ ಹೆಂಗಸಾದರೂ ಗೊತ್ತಿಲ್ಲದೆ ಮಾಡಿದ್ದಳು. ಅಯ್ಯನವರು ಅವನನ್ನು ಕೈತೊಳೆಯುವ ಕಡೆ ಕರೆದುಕೊಂಡು ಹೋಗಿ, "ಮನೇಲೇ ಮಾತಾಡ್ಕೊಂಡು ಬರಬೇಕಿತ್ತು ಜಯಶೀಲ್. ಇಂಥದ್ದೆಲ್ಲ ಸಭೇಲಿ ಹೇಳೋದಲ್ಲ," ಎಂದರು. ಮುಕ್ಕಾಲು ಗಂಟೆ ತಾನು ಹೇಳಿದ್ದು ಇಂಥದ್ದನ್ನೇ ಅಲ್ಲವೆ ಎಂದು ಅವನು ಕೇಳಲಿಲ್ಲ. ಕೊನೆಗೆ ಆ ಗೋಪಿ ಬಂದು ಕೈಕಟ್ಟಿ ನಿಂತು, "ಸಾರ್, ಮೇಡಂ ತುಂಬ ಚೆನ್ನಾಗಿ ಹೇಳಿದ್ರು. ನಿಮ್ಮ ಭಾಷಣಾನೂ ಚೆನ್ನಾಗಿತ್ತು," ಎಂದ. ಹದಿನೈದು ವರ್ಷ ಅವ್ಯಯಗಳನ್ನು ಕಲಿಸಿದವನಿಗೆ ಆ ಒಂದು 'ನೂ' ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು.

ಗೇಟಿನ ಹೊರಗೆ ಬಂದ ಮೇಲೆ ಮೌನಿಕಾ, "ನಾನು ಬೈರಕೂರಿಗೆ ಹೋಗ್ತೀನಿ. ನೀವು ಬರೋದಾದ್ರೆ ಬನ್ನಿ," ಎಂದಳು. ಹನ್ನೊಂದು ದಿನದಲ್ಲಿ ಅವಳಾಡಿದ ಅತಿ ದೊಡ್ಡ ಮಾತು ಅದು. ಅವನು ಬರುತ್ತೇನೆ ಎನ್ನಲಿಲ್ಲ, ಅವಳ ಹಿಂದೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಜೋಡಿಸಿದ. ಮಾವನವರೇ, ಅಂದು ನನ್ನ ನಾಲಗೆ ನನಗೆ ದ್ರೋಹ ಮಾಡಿತು. ನಾಲಗೆ ಯಾಕೆ ದ್ರೋಹ ಮಾಡಬೇಕು, ನಾಲಗೆ ಹೇಳಿದ ಹಾಗೆ ಕೇಳಿತ್ತು. ದುರ್ಬಲ ಗಳಿಗೆಯೊಂದರಲ್ಲಿ ಎಂದು ಬದಲಾಯಿಸಿದ. 'ದುರ್ಬಲ'ಕ್ಕಿಂತ 'ಕುರುಡು' ಚೆನ್ನಾಗಿರುತ್ತದೆಯೇ ಎಂದು ಯೋಚಿಸುತ್ತಿದ್ದವನಿಗೆ, ಮುದುಕನೊಬ್ಬನ ಕಾಲಿಗೆ ಬೀಳಲು ಹೊರಟು ಗುಣವಾಚಕ ಆರಿಸುತ್ತಿದ್ದೇನೆ ಎಂದು ಅರಿವಾಗಿ ಬಾಯೆಲ್ಲ ಒಗರಾಯಿತು.

ಮನೆ ಊರಿಗಿಂತ ಈಚೆ, ಹೊಲದಲ್ಲೇ ಇತ್ತು. ಎರಡು ಕೋಣೆ, ಶೀಟಿನ ಮಾಡು. ಆಂಜಿನಮ್ಮ ಮಗಳನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು. ಆಮೇಲೆ ತೆಲುಗಿನಲ್ಲಿ ಏನೋ ಹೇಳುತ್ತಾ ಅವಳ ತಲೆ, ಕೆನ್ನೆ, ತೋಳು ತಡವಿ ಒಳಕ್ಕೆ ಎಳೆದುಕೊಂಡಳು. ಅಳಿಯನಿಗೆ ಅಂಗಳದಲ್ಲಿ ಒಂದು ಕುರ್ಚಿ ಬಂತು, ಒಂದು ಚೊಂಬು ನೀರು ಬಂತು. ಕುರ್ಚಿ ಅಂಗಳದಲ್ಲಿ ಹಾಕಿದರಲ್ಲ ಎಂದು ಅವನ ಮನಸ್ಸು ಗುರುತು ಹಾಕಿಕೊಂಡಿತು. ನೀರು ಕುಡಿದ. ಹೊಲದಲ್ಲಿ ಮುನಿರಾಮಪ್ಪ ಟೊಮ್ಯಾಟೊ ಗಿಡಗಳನ್ನು ಕಡ್ಡಿಗೆ ಎತ್ತಿ ದಾರದಿಂದ ಕಟ್ಟುತ್ತಿದ್ದ. ಜಯಶೀಲ ಬೂಟುಗಾಲಲ್ಲಿ ಬದುವಿನ ಮೇಲೆ ನಡೆದುಹೋಗಿ ಅವನ ಸಾಲಿನ ತುದಿಯಲ್ಲಿ ನಿಂತ.

"ಬಂದ್ರಾ ಮೇಷ್ಟ್ರೇ," ಎಂದ ಮುನಿರಾಮಪ್ಪ. ಎದ್ದು ನಿಂತು ತಲೆಯ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಮೇಷ್ಟರ ಮುಂದೆ ನಿಲ್ಲುವ ಹಾಗೆಯೇ.

"ಆ ದಿನ ಮನೇಲಿ..." ಎಂದು ಜಯಶೀಲ ಶುರುಮಾಡಿದ. "ಒಂದು ದುರ್ಬಲ ಗಳಿಗೇಲಿ ನಾನು..."

"ಅಯ್ಯೋ ಇರ್ಲಿ ಬಿಡಿ. ದೊಡ್ಡೋರು ಕೂತಿದ್ರು. ನಾನೂ ಹೇಳ್ದೆ ಕೇಳ್ದೆ ಬಂದ್ಬಿಟ್ಟೆ. ಫೋನ್ ಮಾಡ್ಕಂಡು ಬರಬೇಕಿತ್ತು."

ಇಷ್ಟು ಸುಲಭವಾಗಿ ಬಾಗಿಲು ತೆರೆದದ್ದನ್ನು ಕಂಡು ಜಯಶೀಲನ ಮೈ ಹಗುರಾಯಿತು, ಹಗುರಾದದ್ದಕ್ಕೆ ಹೇಸಿಗೆಯೂ ಆಯಿತು. ಮುಂದೆ ಏನು ಹೇಳಬೇಕೆಂದು ಅವನು ಹುಡುಕುತ್ತಿರುವಾಗ ಬದುವಿನಾಚೆಯ ಮಣ್ಣುದಾರಿಯಲ್ಲಿ ಮೊಪೆಡ್ಡೊಂದು ಬಂದು ನಿಂತಿತು. ಮೇಲಿದ್ದವನು ಪಕ್ಕದ ಹೊಲದ ಶ್ರೀನಿವಾಸಪ್ಪ, ಮುನಿರಾಮಪ್ಪನ ವಯಸ್ಸಿನವನೇ. ಅವನು ಜಯಶೀಲನ ಇಸ್ತ್ರಿ ಅಂಗಿಯನ್ನು, ಬೂಟನ್ನು ನೋಡಿ, "ಯಾರಪ್ಪಾ ಮುನಿರಾಮ, ಇವರು?" ಎಂದ.

ಮುನಿರಾಮಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. "ಮಾವು ನೋಡೋಕೆ ಬಂದವ್ರೆ," ಎಂದ. "ವ್ಯಾಪಾರದೋರು."

"ಹತ್ತು ಮರಕ್ಕಾ? ಎಲ್ಲಿಂದ ಸ್ವಾಮಿ, ಶ್ರೀನಿವಾಸಪುರದ ಕಡೆಯಿಂದಾ?"

ಈಗ ಇಬ್ಬರೂ ಜಯಶೀಲನನ್ನು ನೋಡಿದರು. ಒಬ್ಬ ಸುಮ್ಮನೆ ಕುತೂಹಲದಿಂದ. ಇನ್ನೊಬ್ಬ, ಹೊಸ್ತಿಲಾಚೆ ಕೂತು ನೋಟಿಗೆ ಕೈಯೊಡ್ಡಿದಾಗ ಮುಖ ಹೇಗಿತ್ತೋ ಹಾಗೆ, ಏನನ್ನೂ ಕೇಳದೆ. ಜಯಶೀಲನಿಗೆ ತಾನು ಮೇಷ್ಟರು, ಭಾಷಣಕಾರ, ಫ್ಲೆಕ್ಸಿನ ಮೇಲಿನ ಮುಖ, ಎಲ್ಲವೂ ಒಮ್ಮೆಗೇ ನಾಲಗೆಯ ತುದಿಗೆ ಬಂತು. "ಹೌದು, ಆ ಕಡೆಯಿಂದಲೇ," ಎಂದ. ಕಾಯಿ ಹೇಗಿದೆ ಎಂದು ಶ್ರೀನಿವಾಸಪ್ಪ ಕೇಳಿದ. ಪರವಾಗಿಲ್ಲ ಎಂದ ಜಯಶೀಲ. ಯಾವ ಜಾತಿ ನಿಮಗೆ ಬೇಕಾಗಿರೋದು, ಬಾದಾಮಿನಾ, ತೋತಾಪುರಿನಾ, ಎಂದು ಕೇಳಿದ. ಯಾವುದಾದರೂ ಆಗುತ್ತದೆ ಎಂದು ಜಯಶೀಲ ಹೇಳಿದ್ದಕ್ಕೆ ಶ್ರೀನಿವಾಸಪ್ಪ ಹುಬ್ಬೇರಿಸಿ, ಇಂಥ ದಡ್ಡ ವ್ಯಾಪಾರಿಯನ್ನು ಎಲ್ಲೂ ಕಂಡಿಲ್ಲ ಎಂಬಂತೆ ಮುನಿರಾಮಪ್ಪನ ಕಡೆ ಒಂದು ನಗೆ ಎಸೆದು ಮೊಪೆಡ್ ಹೊರಡಿಸಿಕೊಂಡು ಹೋದ. ಆ ನಗೆ ಜಯಶೀಲನ ಬೆನ್ನ ಮೇಲೆ ಬಹಳ ಹೊತ್ತು ಉಳಿಯಿತು.

ಮುನಿರಾಮಪ್ಪ ಮತ್ತೆ ಕುಕ್ಕರಿಸಿ ದಾರ ಎತ್ತಿಕೊಂಡ. "ಊರಲ್ಲಿ ಹೇಳಿಲ್ಲ ಮೇಷ್ಟ್ರೇ. ಮಗಳು ಕೋಲಾರದಲ್ಲಿ ಹಾಸ್ಟೆಲ್‌ನಲ್ಲಿ ಇದ್ಕಂಡು ಕೆಲಸ ಮಾಡ್ತಾವ್ಳೆ ಅಂತ ಹೇಳಿದೀನಿ. ನಮ್ಮಣ್ಣನ ಮಗಳು ರಮ್ಯಂಗೆ ಗಂಡು ನೋಡ್ತಾವ್ರೆ. ಇದು ಗೊತ್ತಾದ್ರೆ ಆ ಮಗೂಗೆ ತೊಂದ್ರೆ ಆಗ್ತದೆ ಅಂತ." ಕಟ್ಟಬೇಕಾದ ಗಂಟು ಎರಡು ಸಲ ಜಾರಿತು.

ಹಾಗಾದರೆ ಸರಿಸಮವಾಯಿತು, ಎಂದು ಜಯಶೀಲನೊಳಗೆ ಯಾವುದೋ ನಿಟ್ಟುಸಿರುಬಿಟ್ಟಿತು. ಇವನೂ ಹೇಳಿಕೊಂಡಿಲ್ಲ. ಬೇಕಾದರೆ ಈಗಲೇ ತಿರುಗಿ ಹೋಗಬಹುದು, ಹೆಂಡತಿಗೆ, ನಿಮ್ಮಪ್ಪ ಏನೆಂದರು ಗೊತ್ತಾ, ಎಂದು ಹೇಳಬಹುದು, ಗೆಲ್ಲಬಹುದು. ಆ ನಿಟ್ಟುಸಿರನ್ನು ಅವನು ಕೇಳಿಸಿಕೊಂಡ. ತನ್ನ ಮೈಯ ದುರ್ವಾಸನೆ ತನಗೇ ಬಡಿದಂತಾಯಿತು. ಈ ಮನುಷ್ಯ ಅಣ್ಣನ ಮಗಳ ಮದುವೆ ಮುರಿಯದಿರಲಿ ಎಂದು ಹೆದರುತ್ತಾ ಸುಳ್ಳು ಹೇಳಿದ್ದ. ತಾನು ಒಂದು ತುಂಡು ಕೇಕಿನ ಮುಂದೆ, ಹೆದರದೆ ಹೇಳಿದ್ದ. ಅವನು ಬದುವಿನಿಂದ ಸಾಲಿನೊಳಕ್ಕೆ ಇಳಿದ, ಬೂಟು ಒದ್ದೆ ಮಣ್ಣಿನಲ್ಲಿ ಹೂತಿತು, ಮುನಿರಾಮಪ್ಪನ ಎದುರಿಗೆ ಕೂರಲು ನೋಡಿ, ಅಭ್ಯಾಸವಿಲ್ಲದೆ ಒಂದು ಮಂಡಿ ಊರಿದ.

"ನಿಮ್ಮನ್ನ ತರಕಾರಿಯವರು ಅಂದೆ," ಎಂದ. "ಮಾವ ಅಂತ ಹೇಳೋಕೆ ನಾಚಿಕೆ ಆಯ್ತು. ನಿಮ್ಮ ಕಾಲಲ್ಲಿ ಚಪ್ಪಲಿ ಇರಲಿಲ್ಲ ಅಂತ. ಅಷ್ಟೇ ಕಾರಣ. ಆಮೇಲೆ ನಿಮ್ಮ ಮಗಳಿಗೂ ಸುಳ್ಳು ಹೇಳಿದೆ."

ಮುನಿರಾಮಪ್ಪ ಈ ಸಲ ಬಿಡಿ ಎನ್ನಲಿಲ್ಲ. ಗಿಡದ ಕಂಕುಳಿನ ಒಂದು ಒಣ ಎಲೆ ಕಿತ್ತು ಎಸೆದ.

"ಆವತ್ತು ಬಸ್ಸಲ್ಲಿ ಅತ್ಬಿಟ್ಟೆ," ಎಂದ. "ಕಂಡಕ್ಟರು ಏನಾಯ್ತು ತಾತ ಅಂತ ಕೇಳ್ದ. ಕಣ್ಣಿಗೆ ದೂಳು ಬಿತ್ತು ಅಂದೆ."

ಕ್ಷಮಿಸಿದ್ದೇನೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಮುಂದಿನ ಗಿಡಕ್ಕೆ ದಾರ ಸುತ್ತುತ್ತಾ, ಊಟ ಆಗೈತಾ, ಎಂದು ಕೇಳಿದ. ಜಯಶೀಲ ಆಗಿದೆ ಎಂದ. ಹೇಳಲು ಸಿದ್ಧಮಾಡಿದ್ದ ಉಳಿದ ವಾಕ್ಯಗಳು ಯಾವುದಕ್ಕೂ ಬಾರದೆ ಒಳಗೇ ಬಿದ್ದಿದ್ದವು.

ಹೊರಡುವಾಗ ಸೂರ್ಯ ಇಳಿದಿದ್ದ. ಆಂಜಿನಮ್ಮ ಮಗಳ ತಲೆಗೆ ಹೂ ಮುಡಿಸಿದ್ದಳು. ಕ್ರಾಸಿನವರೆಗೆ ಯಾರೂ ಕಳಿಸಲು ಬರಲಿಲ್ಲ, ಯಾಕೆ ಬರಲಿಲ್ಲವೆಂದು ಇಬ್ಬರಿಗೂ ತಿಳಿದಿತ್ತು. ನಂಗಲಿಯ ಕಡೆಗೆ ಹೋಗುವ ಲಾರಿಯೊಂದು ದೂರದಲ್ಲಿ ಹಾರ್ನ್ ಹಾಕುತ್ತಿತ್ತು. ಮೋರಿಯ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಾ ಕೂತರು.

"ಹೇಳಿದ್ರಾ?" ಎಂದಳು ಮೌನಿಕಾ.

"ಹೇಳಿದೆ." ಮಾವ ಬಸ್ಸಿನಲ್ಲಿ ಅತ್ತದ್ದನ್ನೂ ಹೇಳಿದ. ಅವಳು ಮುಖ ಆ ಕಡೆ ಮಾಡಿಕೊಂಡಳು. ಶ್ರೀನಿವಾಸಪ್ಪ ಬಂದದ್ದನ್ನು, ತಾನು ಮಾವಿನ ವ್ಯಾಪಾರಿಯಾದದ್ದನ್ನು ಹೇಳಿದ. ಗೆದ್ದಂತೆ ಹೇಳಬಾರದೆಂದು ಮೆಲ್ಲಗೆ ಹೇಳಿದ.

"ಅದೂ ಸುಳ್ಳೇ," ಎಂದಳು.

"ಹೌದು."

ಹೆಂಗಸೊಬ್ಬಳು ಎರಡು ಹಸು ಹೊಡೆದುಕೊಂಡು ಹೋದಳು. ಈಗಲ್ಲದಿದ್ದರೆ ನಾಳೆ ಬೆಳಗ್ಗೆ ಮತ್ತೆ ಮೇಷ್ಟರಾಗಿ ಏಳುತ್ತೇನೆ ಎಂದು ಜಯಶೀಲನಿಗೆ ಅನ್ನಿಸಿತು. "ಮೌನಿಕಾ, ನಾನು ಪ್ರಾರ್ಥನೆ ಮಾಡ್ತಿರಲಿಲ್ಲ, ಇಷ್ಟು ದಿನ."

"ಗೊತ್ತು. ನನ್ನ ಬೈತಿದ್ರಿ."

"ಈ ಹನ್ನೊಂದು ದಿನ ಅಷ್ಟೇ ಅಲ್ಲ. ಅದಕ್ಕೂ ಮುಂಚೆ, ಚಿಕ್ಕಂದಿನಿಂದ. ಆ ಕಡೆ ಯಾರೋ ಕೇಳಿಸ್ಕೊಳ್ತಾ ಇದಾರೆ ಅಂತ ನಂಗೆ ಯಾವತ್ತೂ ಅನ್ನಿಸಿಲ್ಲ. ಕನ್ನಡ ಚೆನ್ನಾಗಿ ಬರುತ್ತೆ. ಅಷ್ಟೇ ಇದ್ದದ್ದು."

ಅವಳು ಅವನ ಕಡೆ ತಿರುಗಿದಳು. ಅವನ ಮುಖವನ್ನು ಯಾರೋ ಹೊಸಬರದೆಂಬಂತೆ ನೋಡಿದಳು. ಅಪ್ಪ, ಅಮ್ಮ, ಊರು ಬಿಟ್ಟು ಬಂದ ಹುಡುಗಿ. "ಇದನ್ನ ಮದುವೆಗೆ ಮುಂಚೆ ಹೇಳಿದ್ರೆ?" ಎಂದಳು.

"ನೀನು ಒಪ್ತಿರಲಿಲ್ಲ."

"ಒಪ್ತಿರಲಿಲ್ಲ."

ಅವಳು ಎದ್ದುಹೋಗುತ್ತಾಳೆಂದು ಅವನು ತಿಳಿದ. ಮನೆ ಹತ್ತಿರವೇ ಇತ್ತು, ಹೂ ಮುಡಿಸಿದ ಅಮ್ಮ ಇನ್ನೂ ಅಂಗಳದಲ್ಲಿ ನಿಂತಿದ್ದಾಳು. ಬಸ್ಸು ಬರಲಿಲ್ಲ. ಮೌನಿಕಾ ಸೆರಗನ್ನು ತಲೆಗೆ ಎಳೆದುಕೊಂಡು, ರಸ್ತೆಬದಿಯಲ್ಲೇ, ಅವನು ಒಮ್ಮೆಯೂ ಕೇಳದಿದ್ದ ಗಟ್ಟಿದನಿಯಲ್ಲಿ ಶುರುಮಾಡಿದಳು.

"ಯೇಸಪ್ಪಾ, ಇವರಿಗೆ ನಂಬಿಕೆ ಇಲ್ವಂತೆ. ಇವತ್ತು ಹೇಳಿದ್ರು. ನಂಗೆ ಭಯ ಆಗ್ತಾ ಐತೆ. ಸಿಟ್ಟೂ ಬರ್ತಾ ಐತೆ. ನಾಯ್ನನ ಹತ್ರ ಇವರು ಹೋಗಿ ಹೇಳಿದ್ರು, ಅದು ನಂಗೆ ಒಳ್ಳೇದಾಯ್ತು. ಮುಂದೆ ಹೆಂಗೆ ಇರಬೇಕೋ ನಂಗೆ ಗೊತ್ತಾಗ್ತಿಲ್ಲ. ನೀನೇ ನೋಡ್ಕೋ."

ಆಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡೇ, ಅವನ ಆಮೆನ್‌ಗೆ ಕಾದಳು. ಅವನು ಅನ್ನಲಿಲ್ಲ. ಎದ್ದು ಹೋಗಲೂ ಇಲ್ಲ.